ಹಳೆ ಟ್ಯಾಬ್‌ನಲ್ಲಿ ಮೇಲ್ ನಿಂತಿದೆಯಾ? ಅಂಗಡಿಗೆ ಹೋಗೋ ಮೊದಲು ಇದನ್ನು ಓದಿ

ಮನೆಯಲ್ಲಿ ಹಳೆ ಟ್ಯಾಬ್ ಇದ್ದು, ಅದರಲ್ಲಿ ಇದ್ದಕ್ಕಿದ್ದಂತೆ ಮೇಲ್ ಬರೋದು ನಿಂತರೆ, ದಯವಿಟ್ಟು ಅದನ್ನು ರಿಪೇರಿ ಮಾಡಿಸೋಕೆ ಹೋಗಬೇಡಿ. ನಿಂತಿದ್ದೇ ಒಳ್ಳೆಯದಾಯಿತು ಅಂದುಕೊಳ್ಳಿ. ನಮ್ಮ ದೊಡ್ಡಪ್ಪನ ಟ್ಯಾಬ್ "ಸರಿ" ಆಗಿದ್ದರಿಂದ ಅವರ ಅಪಾರ್ಟ್‌ಮೆಂಟಿನ ಮೂರು ಮನೆಯವರ ಮೇಂಟೆನೆನ್ಸ್ ದುಡ್ಡು ಯಾರದೋ ಖಾತೆಗೆ ಹೋಯಿತು.

ದೊಡ್ಡಪ್ಪ ಇರೋದು ರಾಜಾಜಿನಗರದಲ್ಲಿ. ಅಸೋಸಿಯೇಷನ್ನಿನ ಖಜಾಂಚಿ. ರಿಟೈರ್ ಆಗಿದ್ದಾರೆ, ಲೆಕ್ಕ ಪಕ್ಕಾ, ಹಾಗಾಗಿ ಎಲ್ಲರೂ ಸೇರಿ ಅವರ ತಲೆಗೇ ಕಟ್ಟಿದ್ದಾರೆ. ಅಸೋಸಿಯೇಷನ್‌ಗೆ ಸ್ವಂತ ಡೊಮೈನ್, ಅದರದೇ ಮೇಲ್ ಐಡಿ. ಅದನ್ನು ಅವರು ನೋಡ್ತಿದ್ದದ್ದು ಆಂಡ್ರಾಯ್ಡ್ 5 ಇರೋ ಟ್ಯಾಬ್‌ನಲ್ಲಿ. ಸ್ಕ್ರೀನ್ ದೊಡ್ಡದು, ಕನ್ನಡಕ ಇಲ್ಲದೆಯೂ ಅಕ್ಷರ ಕಾಣುತ್ತೆ, ಬ್ಯಾಟರಿ ಇನ್ನೂ ಗಟ್ಟಿ, ಮತ್ತೆ ಯಾಕಪ್ಪಾ ಬಿಸಾಕಬೇಕು ಅಂತ ಕೇಳ್ತಿದ್ದರು. ನ್ಯಾಯವಾದ ಪ್ರಶ್ನೆಯೇ. ಕಂಪನಿಗಳು ಮೂರ್ನಾಲ್ಕು ವರ್ಷಕ್ಕೇ ಅಪ್‌ಡೇಟ್ ನಿಲ್ಲಿಸಿ ಕೈತೊಳೆದುಕೊಂಡರೆ ಜನ ಏನು ಮಾಡಬೇಕು?

2024ರಲ್ಲಿ ಒಂದು ದಿನ ಆ ಟ್ಯಾಬ್ ಮೇಲ್ ತರಲ್ಲ ಅಂತ ಕೂತಿತು. ಈ ಸರ್ವರ್‌ನ ಸರ್ಟಿಫಿಕೇಟ್ ನಂಬೋಕಾಗಲ್ಲ ಅನ್ನೋ ಅರ್ಥದ ಒಂದು ಸಾಲು ಮಾತ್ರ ಬರ್ತಿತ್ತು. ಪಾಸ್‌ವರ್ಡ್ ಸರಿ ಇತ್ತು, ಸರ್ವರ್ ಕೂಡ ಚೆನ್ನಾಗೇ ಇತ್ತು. ಸರ್ಟಿಫಿಕೇಟ್ ಅಂದರೆ ಈ ಸರ್ವರ್ ಅಸಲಿ ಅಂತ ತೋರಿಸೋ ಗುರುತಿನ ಚೀಟಿ. ವಿಷಯ ಏನು ಅಂದರೆ, ಯಾವ ಯಾವ ಸಂಸ್ಥೆ ಕೊಟ್ಟ ಸರ್ಟಿಫಿಕೇಟನ್ನು ನಂಬಬಹುದು ಅನ್ನೋ ಪಟ್ಟಿ ಟ್ಯಾಬ್ ಒಳಗೇ ಇರುತ್ತೆ. ಅಪ್‌ಡೇಟ್ ನಿಂತ ದಿನ ಆ ಪಟ್ಟಿಯೂ ಅಲ್ಲಿಗೇ ನಿಲ್ಲುತ್ತೆ. ಈಗ ಬಹಳಷ್ಟು ಸಣ್ಣಪುಟ್ಟ ಸೈಟುಗಳು ಬಳಸೋದು ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಉಚಿತವಾಗಿ ಕೊಡೋ ಸರ್ಟಿಫಿಕೇಟ್, ಅಸೋಸಿಯೇಷನ್ ಸರ್ವರ್‌ದೂ ಅದೇ. ಅದರ ಮೂಲ ಸರ್ಟಿಫಿಕೇಟ್ ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯದರಲ್ಲಿ ಇಲ್ಲ. ಅಲ್ಲಿಯವರೆಗೆ ನಡೀತಿದ್ದದ್ದು ಇನ್ನೊಂದು ಹಳೆ ಸಂಸ್ಥೆಯ ಸಹಿ ಇಟ್ಟುಕೊಂಡು. ತಮಾಷೆ ಅಂದರೆ ಆ ಹಳೆ ಸಂಸ್ಥೆಯ ಮೂಲ ಸರ್ಟಿಫಿಕೇಟ್ 2021ರ ಸೆಪ್ಟೆಂಬರ್ 30ಕ್ಕೇ ಮುಗಿದಿತ್ತು. ಹಳೆ ಆಂಡ್ರಾಯ್ಡ್ ಆ ದಿನಾಂಕ ನೋಡೋದೇ ಇಲ್ಲವಾದ್ದರಿಂದ ಇನ್ನೂ ಮೂರು ವರ್ಷ ತಳ್ಳಿಕೊಂಡು ಬಂದರು. 2024ರಲ್ಲಿ ಅದೂ ಮುಗಿಯಿತು.

ದೊಡ್ಡಪ್ಪ ಮನೆ ಹತ್ತಿರದ ಮೊಬೈಲ್ ಅಂಗಡಿಗೆ ಹೋದರು. "ಅಂಕಲ್, ಬರೀ ಸೆಟ್ಟಿಂಗ್, ಎರಡು ನಿಮಿಷ" ಅಂದ ಹುಡುಗ 150 ರೂಪಾಯಿ ತಗೊಂಡು ಮೇಲ್ ಬರೋ ಹಾಗೆ ಮಾಡಿಕೊಟ್ಟ. ಅವನು ಮಾಡಿದ್ದು ಇಷ್ಟೇ. ಟ್ಯಾಬ್ ಜೊತೆ ಬಂದ ಹಳೆ ಇಮೇಲ್ ಆಪ್‌ನಲ್ಲಿ ಇನ್‌ಕಮಿಂಗ್ ಸೆಟ್ಟಿಂಗ್ಸ್ ಒಳಗೆ ಸೆಕ್ಯುರಿಟಿ ಟೈಪ್ ಅಂತ ಇರುತ್ತೆ. ಒತ್ತಿದರೆ ಒಂದು ಪಟ್ಟಿ. ಅದರಲ್ಲಿ ಎಸ್‌ಎಸ್‌ಎಲ್/ಟಿಎಲ್‌ಎಸ್ (ದಾರಿಯಲ್ಲಿ ಯಾರೂ ಓದದ ಹಾಗೆ ಮೇಲ್ ತರೋ ವಿಧಾನ) ಅಂತ ಒಂದು ಸಾಲು. ಅದೇ ಹೆಸರು ಮತ್ತೊಮ್ಮೆ, ಪಕ್ಕದಲ್ಲಿ ಅಕ್ಸೆಪ್ಟ್ ಆಲ್ ಸರ್ಟಿಫಿಕೇಟ್ಸ್ ಅಂತ ಸೇರಿಸಿ, ಇನ್ನೊಂದು ಸಾಲು. ಹುಡುಗ ಎರಡನೆಯದನ್ನು ಒತ್ತಿದ್ದ. ಅಪಾರ್ಟ್‌ಮೆಂಟ್ ಗೇಟಿನ ಸೆಕ್ಯುರಿಟಿಯವರಿಗೆ "ಯಾರೇ ಬರಲಿ, ಐಡಿ ಕೇಳಬೇಡಿ, ಒಳಗೆ ಬಿಡಿ" ಅಂದ ಹಾಗೆ ಇದು. ಮೇಲ್ ಬಂತು, ದೊಡ್ಡಪ್ಪ ಖುಷಿ.

ಆಮೇಲೆ ದೊಡ್ಡಪ್ಪ ದೊಡ್ಡಮ್ಮ ಸುಬ್ರಹ್ಮಣ್ಯಕ್ಕೆ ಹೋಗಿದ್ದರು. ಲಾಡ್ಜ್‌ನಲ್ಲಿ ಪಾಸ್‌ವರ್ಡ್ ಇಲ್ಲದ ವೈಫೈ. ನೀವು ಮುಟ್ಟದಿದ್ದರೂ ಮೇಲ್ ಆಪ್ ಆಗಾಗ ತಾನೇ ಸರ್ವರ್‌ಗೆ ಹೋಗಿ ಬರುತ್ತೆ, ಹೋದಾಗಲೆಲ್ಲ ಐಡಿ ಪಾಸ್‌ವರ್ಡ್ ಕೊಡುತ್ತೆ. ಎಲ್ಲ ಸರ್ಟಿಫಿಕೇಟನ್ನೂ ಒಪ್ಪಿಕೋ ಅಂದಿದ್ದರೆ, ಮಧ್ಯೆ ಕೂತು "ನಾನೇ ಸರ್ವರ್" ಅಂದವನ ಕೈಗೂ ಕೊಡುತ್ತೆ. ವಾಪಸ್ ಬಂದ ಮೇಲೆ ಯಾವುದೋ ಊರಿಂದ ಯಾರೋ ಲಾಗಿನ್ ಆಗೋಕೆ ಶುರು ಮಾಡಿದ್ದು ಆಮೇಲೆ ಸರ್ವರ್ ಲಾಗ್‌ನಲ್ಲಿ ಕಾಣಿಸಿತು.

ಆ ಕಳ್ಳ ತಾಳ್ಮೆಯವನು. ಸುಮ್ನೆ ಓದ್ತಾ ಕೂತಿದ್ದ. ಕ್ವಾರ್ಟರ್ ಮೇಂಟೆನೆನ್ಸ್ ಕಟ್ಟೋ ಸಮಯಕ್ಕೆ ಸರಿಯಾಗಿ, ದೊಡ್ಡಪ್ಪ ಕಳಿಸೋ ಮೇಲ್‌ನ ಧಾಟಿಯಲ್ಲೇ, "ಬ್ಯಾಂಕ್ ಖಾತೆ ಆಡಿಟ್‌ನಲ್ಲಿದೆ, ಈ ಸಲ ಕೆಳಗಿನ ಖಾತೆಗೆ ಹಾಕಿ" ಅಂತ ಎಲ್ಲ ಮನೆಗೂ ಕಳಿಸಿದ. ಕೆಳಗೆ ಅದೇ "ವಂದನೆಗಳೊಂದಿಗೆ, ಖಜಾಂಚಿ". ಮೇಲ್ ಬಂದಿರೋದು ನಿಜವಾದ ಐಡಿಯಿಂದಲೇ, ಯಾರಿಗೆ ಅನುಮಾನ ಬರುತ್ತೆ? ಒಬ್ಬರು "ಸಾರ್, ಅಕೌಂಟ್ ಚೇಂಜ್ ಆಗಿದೆಯಾ?" ಅಂತ ಉತ್ತರ ಬರೆದು ಕೇಳಿದ್ದಾರೆ. "ಹೌದು" ಅಂತ ಉತ್ತರವೂ ಬಂದಿದೆ! ಅಕೌಂಟ್ ಅನ್ನೋ ಪದ ಇರೋ ಮೇಲ್ ಎಲ್ಲ ತನಗೆ ಫಾರ್ವರ್ಡ್ ಆಗಿ, ಇಲ್ಲಿ ಡಿಲೀಟ್ ಆಗೋ ಹಾಗೆ ಅವನು ಫಿಲ್ಟರ್ ಹಾಕಿಟ್ಟಿದ್ದ. ದೊಡ್ಡಪ್ಪನ ಕಣ್ಣಿಗೆ ಅದು ಯಾವುದೂ ಬೀಳಲೇ ಇಲ್ಲ. ಮೂರನೇ ಮಹಡಿಯ ಆಂಟಿಯೊಬ್ಬರು ಲಿಫ್ಟಿನಲ್ಲಿ ಸಿಕ್ಕಾಗ "ಏನ್ರೀ, ಖಾತೆ ಬದಲಾಯಿಸಿಬಿಟ್ರಾ?" ಅಂತ ಬಾಯಿಬಿಟ್ಟು ಕೇಳಿದ್ದಕ್ಕೆ ವಿಷಯ ಹೊರಬಿತ್ತು.

ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆವು, ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ಹಾಕಿಸಿದೆವು. ಎಲ್ಲರಿಗಿಂತ ಕೊನೆಗೆ ಕಟ್ಟಿದ್ದವರೊಬ್ಬರ ದುಡ್ಡು ಆ ಖಾತೆಯಲ್ಲೇ ತಡೆಹಿಡಿದರು. ಮೊದಲೇ ಕಟ್ಟಿದ್ದ ಇಬ್ಬರದು ಅಷ್ಟೊತ್ತಿಗೆ ಮುಂದೆ ಹೋಗಿಯಾಗಿತ್ತು. ದುಡ್ಡಿಗಿಂತ ದೊಡ್ಡಪ್ಪನಿಗೆ ನೋವಾಗಿದ್ದು ಒಂದಿಬ್ಬರು ಅವರನ್ನೇ ನೋಡಿದ ರೀತಿ. ಅದನ್ನು ನಾನು ಇಲ್ಲಿ ಜಾಸ್ತಿ ಬರೆಯಲ್ಲ.

ಅಂದೇ ಪಾಸ್‌ವರ್ಡ್ ಬದಲಾಯಿಸಿದರೂ ಕಥೆ ಮುಗಿಯಲಿಲ್ಲ. ಫಿಲ್ಟರ್ ಹಾಗೇ ಉಳಿದಿತ್ತು, ಮೇಲ್‌ಗಳು ಅವನಿಗೆ ಹೋಗ್ತಾನೇ ಇದ್ದವು. ಕಂಪ್ಯೂಟರ್‌ನಲ್ಲಿ ವೆಬ್‌ಮೇಲ್ ತೆರೆದು ಫಾರ್ವರ್ಡಿಂಗ್, ಫಿಲ್ಟರ್ ಎರಡನ್ನೂ ಹುಡುಕಿ ತೆಗೆದ ಮೇಲೆಯೇ ನಿಂತಿದ್ದು. ಟ್ಯಾಬ್‌ನ ಆಪ್‌ನಲ್ಲಿ ಅದು ಕಾಣೋದೇ ಇಲ್ಲ.

"ನಮ್ಮದು ಐಪ್ಯಾಡ್, ನಮಗೇನೂ ಆಗಲ್ಲ" ಅನ್ನೋರಿಗೂ ಒಂದು ಮಾತು. 2020ರ ಏಪ್ರಿಲ್‌ನಲ್ಲಿ ಆಪಲ್‌ನ ಮೇಲ್ ಆಪ್‌ನಲ್ಲೇ ದೊಡ್ಡ ತೂತು ಹೊರಬಂತು. ಕಳ್ಳ ಒಳಗೆ ನುಗ್ಗೋಕೆ ಬೇಕಂತಲೇ ತಯಾರಿಸಿದ ಒಂದು ಮೇಲ್ ಸಾಕು, ಐಒಎಸ್ 13ರಲ್ಲಂತೂ ಅದನ್ನು ತೆರೆಯೋದೂ ಬೇಕಿರಲಿಲ್ಲ. ಕನಿಷ್ಠ ಐಒಎಸ್ 6ರಿಂದಲಾದರೂ ಇದ್ದ ತೂತು ಅದು. ಆಪಲ್ 13.5 ಮತ್ತು 12.4.7ರಲ್ಲಿ ಮುಚ್ಚಿತು. ಐಪ್ಯಾಡ್ 2, ಮೊದಲ ಐಪ್ಯಾಡ್ ಮಿನಿ ಇವೆಲ್ಲ 9.3ರ ಸಾಲಿನಲ್ಲೇ ನಿಂತಿವೆ, ಅವಕ್ಕೆ ಆ ಅಪ್‌ಡೇಟ್ ಬರಲೇ ಇಲ್ಲ. ಆಂಡ್ರಾಯ್ಡ್ ಕಥೆಯೂ ಅಷ್ಟೇ. ಮೇಲ್ ಒಳಗಿನ ಚಿತ್ರ, ಲಿಂಕ್ ತೋರಿಸೋ ವೆಬ್‌ವ್ಯೂ ಅನ್ನೋ ಭಾಗ 4.4ರಲ್ಲಿ ಸಿಸ್ಟಮ್ ಜೊತೆ ಅಂಟಿಕೊಂಡಿದೆ, ಪ್ಲೇ ಸ್ಟೋರ್‌ನಿಂದ ಬೇರೆಯಾಗಿ ಅಪ್‌ಡೇಟ್ ಆಗಲ್ಲ.

ಈಗ ನೀವು ಮಾಡಬೇಕಾದ್ದು ಇದು. ಅಪ್ಪ ಅಮ್ಮ, ಅತ್ತೆ ಮಾವನ ಟ್ಯಾಬ್ ಕೈಗೆ ತಗೊಂಡು ಆ ಸೆಕ್ಯುರಿಟಿ ಟೈಪ್ ನೋಡಿ. ಅಕ್ಸೆಪ್ಟ್ ಆಲ್ ಅಂತ ಇದ್ದರೆ ಟ್ಯಾಬ್‌ನಿಂದ ಆ ಅಕೌಂಟೇ ತೆಗೆದುಹಾಕಿ, ಬೇರೆ ಫೋನ್ ಅಥವಾ ಕಂಪ್ಯೂಟರ್‌ನಿಂದ ಪಾಸ್‌ವರ್ಡ್ ಬದಲಾಯಿಸಿ, ಫಾರ್ವರ್ಡಿಂಗ್ ನೋಡಿ. ಆಂಡ್ರಾಯ್ಡ್ 6 ಅಥವಾ ಮೇಲಿನದಾದರೆ ಅಬೌಟ್ ಟ್ಯಾಬ್ಲೆಟ್ ಒಳಗೆ ಸೆಕ್ಯುರಿಟಿ ಪ್ಯಾಚ್ ಯಾವ ತಿಂಗಳದ್ದು ಅಂತ ಬರೆದಿರುತ್ತೆ. ವರ್ಷಗಟ್ಟಲೆ ಹಳೆಯದಾದರೆ ಅದರಲ್ಲಿ ಮೇಲ್ ಬೇಡ, ಬ್ಯಾಂಕ್ ಅಂತೂ ಬೇಡವೇ ಬೇಡ. ಫ್ಯಾಕ್ಟರಿ ರೀಸೆಟ್ ಮಾಡಿ, ಮೆಮೊರಿ ಕಾರ್ಡಿನಲ್ಲಿ ಹಾಡು ತುಂಬಿಸಿ ಕೊಡಿ. ದೊಡ್ಡಮ್ಮ ಈಗ ಅದರಲ್ಲಿ ಬೆಳಿಗ್ಗೆ ಸುಪ್ರಭಾತ ಹಾಕ್ತಾರೆ, ವೈಫೈ ಆಫ್.