ಇಲ್ಲದ ಲಿಫ್ಟಿಗೂ ವರದಿ ಕೊಟ್ಟರು

ನಮ್ಮ ಸಂಘದ ಹಳೇ ಸಭಾಗೃಹಕ್ಕೆ ಮಾಡಿಸಿದ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಎಂಬ ಪರೀಕ್ಷೆಯ ವರದಿಯ 27ನೇ ಪುಟದಲ್ಲಿ ಒಂದು ಸಾಲಿದೆ: ಲಿಫ್ಟ್ ಮಷೀನ್ ರೂಮಿನ ಸ್ಲ್ಯಾಬ್ ಸುಸ್ಥಿತಿಯಲ್ಲಿದೆ. ನಮ್ಮದು ಒಂದೇ ಮಹಡಿಯ ಕಟ್ಟಡ. ಲಿಫ್ಟ್ ಹಾಗಿರಲಿ, ಮರದ ಮೆಟ್ಟಿಲಿನ ಕಟಾಂಜನವೇ ಹಿಡಿದರೆ ಅಲ್ಲಾಡುತ್ತದೆ. ಈ ಸಾಲು ನನ್ನ ಕಣ್ಣಿಗೆ ಬಿದ್ದದ್ದು ವರದಿ ಬಂದು ಎರಡು ವರ್ಷ ಆದ ಮೇಲೆ. ಅಷ್ಟರಲ್ಲಿ ಸ್ಟೇಜಿನ ಮೇಲಿನ ಸೀಲಿಂಗ್ ಕೆಳಗೆ ಬಂದಿತ್ತು. ಆ ವರದಿ ಸಿಕ್ಕಿದೆ ಎಂದು ಸಹಿ ಹಾಕಿದ ಜತೆ ಕಾರ್ಯದರ್ಶಿ ನಾನೇ. ಹಾಗಾಗಿ ಇದರಲ್ಲಿ ದೂರು ಎಷ್ಟಿದೆಯೋ ತಪ್ಪೊಪ್ಪಿಗೆಯೂ ಅಷ್ಟೇ ಇದೆ. ಮುಂಬಯಿ, ಪುಣೆ, ಗೋವಾದಲ್ಲಿ ಹಳೇ ಕಟ್ಟಡ ಇಟ್ಟುಕೊಂಡಿರುವ ಸಂಘ, ಭಜನಾ ಮಂಡಳಿ, ಟ್ರಸ್ಟುಗಳ ಕಮಿಟಿಯಲ್ಲಿ ಯಾರಿದ್ದೀರೋ ಅವರು ದಯವಿಟ್ಟು ಪೂರ್ತಿ ಓದಿ.

ಕಟ್ಟಡ ಇರುವುದು ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಗಲ್ಲಿಯಲ್ಲಿ, ನೂರು ವರ್ಷ ದಾಟಿದೆ. ಕಾಲಮ್ಮು ಬೀಮು ಯಾವುದೂ ಇಲ್ಲ. ದಪ್ಪ ಇಟ್ಟಿಗೆ ಗೋಡೆಯೇ ಭಾರ ಹೊರುವುದು. ಗೋಡೆಗೆ ಸುಣ್ಣದ ಗಾರೆ, ಗೋಡೆಯಿಂದ ಗೋಡೆಗೆ ಬರ್ಮಾ ಸಾಗುವಾನಿಯ ಹದಿನಾಲ್ಕು ತೊಲೆ, ಮೇಲೆ ಮಾಡು, ಮಾಡಿಗೆ ನಮ್ಮೂರ ಹಂಚು. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆಮೇಲೆ ಹಡಗಿನಲ್ಲಿ ಹಂಚು ಮುಂಬಯಿಗೆ ಬಂತು, ಅದರ ಹಿಂದೆ ನಾವೂ ಬಂದೆವು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದ ಹುಡುಗರು ರಾತ್ರಿ ಇಲ್ಲಿಯ ಬೆಂಚಿನಲ್ಲಿ ಕೂತು ಕನ್ನಡ ಶಾಲೆ ಓದಿದ್ದಾರೆ. ಈಗ ರಾತ್ರಿ ಶಾಲೆ ಇಲ್ಲ. ತಾಳಮದ್ದಳೆ, ಶನಿಪೂಜೆ, ರಾಜ್ಯೋತ್ಸವ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ. ಇಷ್ಟು ನಡೆಯುತ್ತಿತ್ತು.

ಆಡಿಟ್ ನಾವಾಗಿ ಮಾಡಿಸಿದ್ದೇನಲ್ಲ. ಮುಂಬಯಿ ಮಹಾನಗರ ಪಾಲಿಕೆಯ 1888ರ ಕಾಯ್ದೆಯಲ್ಲಿ 353-ಬಿ ಎಂಬ ಕಲಂ ಇದೆ. 30 ವರ್ಷ ದಾಟಿದ ಕಟ್ಟಡವನ್ನು ಪಾಲಿಕೆಯಲ್ಲಿ ನೋಂದಾಯಿಸಿದ ಸ್ಟ್ರಕ್ಚರಲ್ ಎಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು ಎನ್ನುತ್ತದೆ ಅದು. ನೋಟಿಸ್ ಬಂತು, ಕಮಿಟಿ ಸಭೆ ಕರೆದೆವು. ಅಲ್ಲಿಗೆ ಬಂದ ಕಂಟ್ರಾಕ್ಟರ್ ನಮ್ಮ ಜಿಲ್ಲೆಯವನೇ, ದೊಡ್ಡ ದಾನಿಯೊಬ್ಬರಿಗೆ ಬೇಕಾದವ. ಚಾ ಕುಡಿಯುತ್ತ, "ಆಡಿಟ್ ನಾನೇ ಮಾಡಿಸಿ ಕೊಡ್ತೇನೆ, ಅದಕ್ಕೆಲ್ಲ ಸಂಘದ ದುಡ್ಡು ಯಾಕೆ ಮಾರಾಯ್ರೆ? ರಿಪೇರಿ ಕೆಲಸ ನನಗೆ ಕೊಟ್ರೆ ಸಾಕು" ಅಂದ. ಎಲ್ಲರ ಮುಖ ಅರಳಿತು. ನನ್ನದೂ.

ಆ ಸಭೆಯಲ್ಲಿ ಬೇರೆ ಮಾತಾಡಿದವರು ಒಬ್ಬರೇ. ನಾವೆಲ್ಲ ದೊಡ್ಡಣ್ಣ ಎಂದು ಕರೆಯುವ ಹಿರಿಯರು, ಅದೇ ರಾತ್ರಿ ಶಾಲೆಯಲ್ಲಿ ಓದಿದವರು. "ಸ್ಟೇಜಿನ ಎಡ ಮೂಲೆಯ ಗೋಡೆ ಮಳೆಗಾಲದಲ್ಲಿ ಚಂಡಿ ಆಗ್ತದೆ. ಹೊರಗಿನ ಪೈಪಿನ ಹಿಂದೆ ಅರಳಿ ಗಿಡ ಉಂಟು. ಮೊದಲು ಅದನ್ನು ನೋಡಿಸಿ" ಅಂದರು. "ಆಯ್ತು ದೊಡ್ಡಣ್ಣ, ಎಲ್ಲ ಒಟ್ಟಿಗೆ ಆಗ್ತದೆ" ಎಂದು ಅವರನ್ನು ಸುಮ್ಮನಾಗಿಸಿದವನು ನಾನು.

ಆಡಿಟ್ ದಿನ ಬಂದವರು ಇಬ್ಬರು ಹುಡುಗರು, ಕೈಯಲ್ಲೊಂದು ಬ್ಯಾಗು. ಅದರಿಂದ ದಪ್ಪ ಟಾರ್ಚಿನಂಥ ಒಂದು ಉಪಕರಣ ತೆಗೆದು ಗೋಡೆಗೆ ಒತ್ತಿ ಟಕ್ ಟಕ್ ಅನ್ನಿಸಿ ಅಂಕಿ ಬರೆದುಕೊಂಡರು. ಇಷ್ಟೊಂದು ಮಷೀನು ತಂದಿದ್ದಾರಲ್ಲ ಎಂದು ನನಗೂ ಭಕ್ತಿ ಬಂತು. ಅದಕ್ಕೆ ರಿಬೌಂಡ್ ಹ್ಯಾಮರ್ ಅನ್ನುತ್ತಾರೆ ಅಂತ ಈಗ ಗೊತ್ತು. ಒಳಗಿನ ಸ್ಪ್ರಿಂಗು ಉಕ್ಕಿನ ತುಂಡೊಂದನ್ನು ಹೊಡೆಯುತ್ತದೆ, ಅದು ಎಷ್ಟು ಹಿಂದಕ್ಕೆ ಪುಟಿಯುತ್ತದೋ ಅದರಿಂದ ಮೇಲ್ಮೈ ಎಷ್ಟು ಗಟ್ಟಿ ಎಂದು ಅಂದಾಜು ಮಾಡುತ್ತಾರೆ. ಕಾಂಕ್ರೀಟಿಗಾಗಿ ಮಾಡಿದ ಉಪಕರಣ. ನಮ್ಮಲ್ಲಿ ಅವರು ಅದನ್ನು ಒತ್ತಿದ್ದು ಸುಣ್ಣದ ಗಾರೆಯ ಮೇಲೆ. ಜ್ವರ ಎಷ್ಟಿದೆ ಎಂದು ನೋಡಲು ಕಂಬಳಿಯೊಳಗೆ ಥರ್ಮಾಮೀಟರ್ ಇಟ್ಟ ಹಾಗಾಯಿತು. ತೊಲೆಗಳನ್ನು ಕೆಳಗೆ ನಿಂತು ಮೊಬೈಲಿನಲ್ಲಿ ಫೋಟೋ ಹೊಡೆದರು, ಅಷ್ಟೇ. ಏಣಿ ಕೇಳಲಿಲ್ಲ, ಮಾಡು ಹತ್ತಲಿಲ್ಲ, ಎಡ ಮೂಲೆಯ ಹೊರಗೋಡೆ ನೋಡಲಿಕ್ಕೆ ಹಿಂದಿನ ಗಲ್ಲಿಗೂ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಮುಗಿಯಿತು.

ಹದಿನೈದು ದಿನದಲ್ಲಿ ವರದಿ ಬಂತು. ಸ್ಪೈರಲ್ ಬೈಂಡಿಂಗ್, ಬಣ್ಣದ ಫೋಟೋಗಳು, ಕೊನೆಯಲ್ಲಿ ಸೀಲು, ಸಹಿ. ಸಹಿ ಮಾಡಿದ ಎಂಜಿನಿಯರ್ ನಮ್ಮ ಹೊಸಿಲು ತುಳಿದವರೇ ಅಲ್ಲ. ಕಟ್ಟಡವನ್ನು ಸಿ-2ಬಿ ವರ್ಗಕ್ಕೆ ಹಾಕಿದ್ದರು. ಈ ವರ್ಗಗಳು ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಿ-1 ಅಂದರೆ ಖಾಲಿ ಮಾಡಿಸಿ ಕೆಡವಬೇಕು. ಸಿ-2ಎ ಅಂದರೆ ಕಟ್ಟಡವನ್ನು ಪೂರ್ತಿಯೋ ಒಂದು ಭಾಗವೋ ಖಾಲಿ ಮಾಡಿ ದೊಡ್ಡ ರಿಪೇರಿ. ಸಿ-2ಬಿ ಅಂದರೆ ಖಾಲಿ ಮಾಡುವುದು ಬೇಡ, ಸ್ಟ್ರಕ್ಚರಲ್ ರಿಪೇರಿ ಮಾತ್ರ. ಸಿ-3 ಅಂದರೆ ಸಣ್ಣಪುಟ್ಟದ್ದು. ಕಾರ್ಯಕ್ರಮ ನಿಲ್ಲಿಸಬೇಕಿಲ್ಲವಲ್ಲ ಎಂದು ನಾವು ಖುಷಿಪಟ್ಟೆವು. ವರದಿಯ ಜೊತೆಗೇ ಕಂಟ್ರಾಕ್ಟರನ ಅಂದಾಜು ಪಟ್ಟಿ ಇತ್ತು, ಹನ್ನೊಂದೂವರೆ ಲಕ್ಷ. ವರದಿಯ ಲೆಟರ್‌ಹೆಡ್ಡಿನಲ್ಲೂ ಪಟ್ಟಿಯ ಲೆಟರ್‌ಹೆಡ್ಡಿನಲ್ಲೂ ಇದ್ದದ್ದು ಒಂದೇ ಫೋನ್ ನಂಬರ್. ನಲವತ್ತೆರಡು ಪುಟದ ವರದಿಯಲ್ಲಿ ಕೊನೇ ಪುಟ ಬಿಟ್ಟು ನಾವು ಯಾರೂ ಏನೂ ಓದಲಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲದ ಕಾಗದ ಓದಿದವನು ನಾನು, ಇನ್ನೊಬ್ಬರ ಸಾಲದ ಕಾಗದ ಆಗಿದ್ದರೆ ಓದುತ್ತಿದ್ದೆನೋ ಏನೋ.

ಕೆಲಸ ಏನಾಯಿತು ಕೇಳಿ. ಹಳೇ ಗಾರೆ ಕೆತ್ತಿ ತೆಗೆದು ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್. ಅದರ ಮೇಲೆ ವಾಟರ್‌ಪ್ರೂಫ್ ಪೇಂಟು. ತೊಲೆ ಹಳತಾಗಿ ಕಾಣುತ್ತದೆಂದು ಕೆಳಗೆ ಪಿಒಪಿಯ (ಪ್ಲಾಸ್ಟರ್ ಆಫ್ ಪ್ಯಾರಿಸ್) ಫಾಲ್ಸ್ ಸೀಲಿಂಗ್, ಅದರಲ್ಲಿ ಸಾಲಾಗಿ ಎಲ್‌ಇಡಿ. ಮಾಡಿನ ಒಂದು ಪಕ್ಕದ ಹಂಚು ತೆಗೆದು ಬಣ್ಣದ ತಗಡಿನ ಶೀಟು. ಬೆನ್ನ ಮೇಲೆ ಮಂಗಳೂರಿನ ಹೆಸರು ಒತ್ತಿದ್ದ ಹಂಚುಗಳು ಟೆಂಪೋ ಹತ್ತಿ ಎಲ್ಲಿಗೆ ಹೋದವೋ, ಕೇಳಿದರೆ "ಎಲ್ಲ ಒಡೆದದ್ದು" ಅಂದ. ಅರಳಿ ಗಿಡವನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿ ಅದರ ಮೇಲೇ ಪ್ಲಾಸ್ಟರ್ ಬಳಿದಿದ್ದರು. ಬೇರು ಒಳಗೇ ಇತ್ತು. ಉದ್ಘಾಟನೆಯ ದಿನ ಕಂಟ್ರಾಕ್ಟರನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟೆವು. ಆ ಫೋಟೋ ಈಗಲೂ ಆಫೀಸಿನ ಗೋಡೆಯಲ್ಲಿದೆ, ತೆಗೆಯಬೇಡಿ ಎಂದು ನಾನೇ ಹೇಳಿದ್ದೇನೆ.

ಒಂದು ಮಳೆಗಾಲ ದಾಟಿತು. ಎಡ ಮೂಲೆಯಲ್ಲಿ ಪೇಂಟು ಹಪ್ಪಳದ ಹಾಗೆ ಗುಳ್ಳೆ ಎದ್ದಿತು, ಅದರ ಕೆಳಗೆ ಬಿಳಿ ಉಪ್ಪು. ಬೆರಳಿನಿಂದ ತಟ್ಟಿದರೆ ಪ್ಲಾಸ್ಟರ್ ಟೊಳ್ಳು ಸದ್ದು ಮಾಡುತ್ತಿತ್ತು. ಕಂಟ್ರಾಕ್ಟರ್ ಹುಡುಗರನ್ನು ಕಳಿಸಿ ಕೆರೆದು ಮತ್ತೆ ಬಣ್ಣ ಹೊಡೆಸಿದ. ಎರಡನೇ ಮಳೆಗಾಲದ ಒಂದು ಶನಿವಾರ ರಾತ್ರಿ ಎರಡು ಗಂಟೆ ಸುಮಾರಿಗೆ ವಾಚ್‌ಮನ್ ಫೋನ್ ಮಾಡಿದ. ನಾನು ಹೋಗುವ ಹೊತ್ತಿಗೆ ಬೆಳಕಾಗಿತ್ತು. ಸ್ಟೇಜಿನ ಅರ್ಧಕ್ಕೆ ಪಿಒಪಿ ಬಿದ್ದಿತ್ತು, ಜೊತೆಗೆ ಮಾಡಿನ ಪಕ್ಕಾಸು, ರೀಪು, ಒದ್ದೆ ಮಣ್ಣು. ಮಕ್ಕಳ ಗೆಜ್ಜೆ ಇಡುವ ತಗಡಿನ ಪೆಟ್ಟಿಗೆಯ ಮುಚ್ಚಳ ಒಳಕ್ಕೆ ಕುಸಿದಿತ್ತು. ತೆರೆದು ಗೆಜ್ಜೆ ಕೊಡವಿದರೆ ಬಿಳಿ ಹುಡಿ ಉದುರಿತು. ಅವತ್ತು ಹತ್ತು ಗಂಟೆಗೆ ಅಲ್ಲಿ ಇಪ್ಪತ್ತೆರಡು ಮಕ್ಕಳು ಹೆಜ್ಜೆ ಹಾಕುವವರಿದ್ದರು.

ಆಮೇಲೆ ಹಳೇ ಕಟ್ಟಡಗಳದ್ದೇ ಕೆಲಸ ಮಾಡುವ ಒಬ್ಬ ಎಂಜಿನಿಯರರನ್ನು ಹುಡುಕಿದೆವು. ಮರಾಠಿಯವರು, ಅರವತ್ತು ದಾಟಿದವರು. ಫೀಸು ಮೊದಲೇ ಹೇಳಿದರು, ರಿಪೇರಿ ಕೆಲಸ ಯಾರಿಂದ ಮಾಡಿಸುತ್ತೀರೋ ನನಗೆ ಸಂಬಂಧವಿಲ್ಲ ಎಂದೂ ಹೇಳಿದರು. ಬರುವುದಕ್ಕೆ ಆರಿಸಿಕೊಂಡದ್ದು ಜೋರು ಮಳೆಯ ದಿನ. "ಪಾವಸಾತಚ್ ಕಳತೆ", ಮಳೆಯಲ್ಲೇ ಗೊತ್ತಾಗುವುದು ಅಂದರು. ಮೊದಲು ಮಾಡು ಹತ್ತಿ ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ಅರ್ಧ ಗಂಟೆ ಕೊಡೆ ಹಿಡಿದು ನಿಂತು ನೋಡಿದರು. ಶೀಟು ಹಾಕಿದ ಪಕ್ಕದ ನೀರೆಲ್ಲ ಎಡ ಮೂಲೆಯ ಒಂದೇ ಪೈಪಿಗೆ ಬರುತ್ತಿತ್ತು. ಪೈಪಿನ ಬಾಯಿಗೆ ಅರಳಿಯ ಬೇರು ತುಂಬಿತ್ತು. ದೊಡ್ಡಣ್ಣ ಕೆಳಗೆ ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಆಮೇಲೆ ಒಳಗೆ. ಉಳಿದ ಫಾಲ್ಸ್ ಸೀಲಿಂಗನ್ನು ಬಿಚ್ಚಿಸಿ ಏಣಿ ಇಟ್ಟು ಪ್ರತಿ ತೊಲೆ ಗೋಡೆಯೊಳಗೆ ಹೋಗುವ ಜಾಗಕ್ಕೆ ಹೋದರು. ಅವರ ಕೈಯಲ್ಲಿದ್ದದ್ದು ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್, ಟಾರ್ಚು, ತೇವ ಅಳೆಯುವ ಒಂದು ಚಿಕ್ಕ ಮೀಟರ್. ತಟ್ಟಿದಾಗ ಒಳ್ಳೆ ಸಾಗುವಾನಿ ಗಣಿಲ್ ಅನ್ನುತ್ತಿತ್ತು. ಎಡ ಮೂಲೆಯ ತೊಲೆ ಒದ್ದೆ ರಟ್ಟಿನ ಹಾಗೆ ದಬ್ ಅಂದಿತು. ಹೊರಗಿನಿಂದ ನೋಡಿದರೆ ಪಾಲಿಶ್ ಸಮೇತ ಚೆನ್ನಾಗಿಯೇ ಇತ್ತು. ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಒಳಗೆ ಹೋಯಿತು. ಎಳೆದಾಗ ತುದಿಗೆ ಅಂಟಿ ಬಂದದ್ದು ಸೋಸಿದ ಕಾಫಿ ಚರಟದಂಥ ಕಪ್ಪು ಹುಡಿ. ಅದನ್ನು ನನ್ನ ಅಂಗೈಗೆ ಹಾಕಿದರು. ಮೀಟರ್ 31 ತೋರಿಸಿತು. ಮರದ ತೇವ 20 ಶೇಕಡಾ ದಾಟಿ ಹಾಗೇ ಉಳಿದರೆ ಶಿಲೀಂಧ್ರ ಹಿಡಿಯುತ್ತದಂತೆ.

ಯಾಕೆ ಹೀಗಾಯಿತು ಎಂದು ಕೇಳಿದೆ. ಸುಣ್ಣದ ಗಾರೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ, ನಿಮ್ಮ ಗೋಡೆ ನೂರು ವರ್ಷ ಹಾಗೆ ಉಸಿರಾಡಿಕೊಂಡೇ ಬದುಕಿತ್ತು ಅಂದರು. ಸಿಮೆಂಟು ಬಿಗಿ. ಎಲ್ಲೋ ಒಂದು ಸಣ್ಣ ಬಿರುಕಿನಿಂದ, ಪೈಪಿನ ಪಕ್ಕದಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಅದು ಇಟ್ಟಿಗೆಯಲ್ಲೇ ನಿಂತು, ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಗೆ ಇಳಿಯುತ್ತದೆ. ಅದರ ಜೊತೆಗೆ ಫಾಲ್ಸ್ ಸೀಲಿಂಗು ಗಾಳಿ ಕಟ್ಟಿತು, ಕಣ್ಣಿಗೂ ಮರೆಯಾಯಿತು. ತೊಲೆ ಮೊದಲೂ ಸ್ವಲ್ಪ ಕೆಟ್ಟಿದ್ದಿರಬಹುದು. ಆದರೆ ಅದನ್ನು ಬೇಯಿಸಿದ್ದು ನಮ್ಮ ಹನ್ನೊಂದೂವರೆ ಲಕ್ಷ. ಕಂಟ್ರಾಕ್ಟರನಿಗೆ ದುಡ್ಡು ಬರುವುದು ಚದರ ಅಡಿ ಪ್ಲಾಸ್ಟರಿಗೆ. ಪೈಪು ಸ್ವಚ್ಛ ಮಾಡಿ ಬೇರು ತೆಗೆಸಿದರೆ ಅವನಿಗೆ ಎಷ್ಟು ಸಿಕ್ಕೀತು? ಅವನು ಮಾಡಿಸಿದ ಆಡಿಟ್ ಬೇರೆ ಏನು ಹೇಳಬೇಕಿತ್ತು?

ಎರಡು ದಿನ ನೋಡಿ ಅವರು ಕೊಟ್ಟದ್ದು ಒಂಬತ್ತು ಪುಟದ ವರದಿ. ಅದರಲ್ಲಿ ಹದಿನಾಲ್ಕು ತೊಲೆಗಳ ನಕ್ಷೆ, ಪ್ರತಿಯೊಂದರ ಎರಡೂ ತುದಿಗೆ ಗುರುತು. ಐದು ತುದಿ ಹೋಗಿವೆ, ಉಳಿದವು ಇನ್ನೂ ನೂರು ವರ್ಷ ನಿಲ್ಲುವ ಮರ. ಕೊಳೆತಷ್ಟನ್ನು ಕತ್ತರಿಸಿ ಹೊಸ ಸಾಗುವಾನಿ ಜೋಡಿಸಿ ಉಕ್ಕಿನ ಪಟ್ಟಿ, ಬೋಲ್ಟು ಹಾಕಬೇಕು. ಸಿಮೆಂಟ್ ತೆಗೆದು ಮತ್ತೆ ಸುಣ್ಣದ ಗಾರೆ. ಕಟ್ಟಡ ಮುಂಬಯಿಯಲ್ಲಿ ಉಳಿಸಿಕೊಳ್ಳಬೇಕಾದ ಹಳೇ ಕಟ್ಟಡಗಳ 1995ರ ಹೆರಿಟೇಜ್ ಪಟ್ಟಿಯಲ್ಲೋ ಹೆರಿಟೇಜ್ ಪ್ರದೇಶದ ಒಳಗೋ ಇದೆಯೇ ಎಂದು ನೋಡಿದ್ದೀರಾ ಅಂದರು. ನಾವು ನೋಡಿರಲೇ ಇಲ್ಲ. ಹಂಚು ತೆಗೆದು ಶೀಟು ಹಾಕುವಾಗ ಯಾರನ್ನೂ ಕೇಳಿರಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಸೀಲಿಂಗ್ ಬಿದ್ದ ಸುದ್ದಿ ಕೇಳಿ ಅದೇ ಕಂಟ್ರಾಕ್ಟರ್ ಇನ್ನೊಬ್ಬರನ್ನು ಕರೆದುಕೊಂಡು ಬಂದ. ಈ ಸಲ ಬೇರೆ ರಾಗ: "ಕಟ್ಟಡ ಸಿ-1 ಆಗ್ತದೆ, ಕೆಡವಿಸಿ. ಹೊಸತು ಕಟ್ಟುವ ಪಾರ್ಟಿ ನನ್ನ ಹತ್ರ ಇದ್ದಾರೆ, ನಿಮಗೆ ಮೂರನೇ ಮಾಳಿಗೆಯಲ್ಲಿ ಹಾಲ್ ಫ್ರೀ." ಎರಡು ವರ್ಷದ ಹಿಂದೆ ಖಾಲಿ ಮಾಡುವುದೇ ಬೇಡ ಎಂದು ಬರೆಸಿದವನು ಈಗ ಕೆಡವಬೇಕು ಅನ್ನುತ್ತಾನೆ. ಕಮಿಟಿಯಲ್ಲಿ ಮೂವರು ತಲೆಯಾಡಿಸಿದರು. ಹಳೇ ಕಟ್ಟಡಕ್ಕೆ ಎಷ್ಟು ಸುರಿದರೂ ಅಷ್ಟೇ ಎಂದು ಒಬ್ಬರು. ಚರ್ನಿ ರೋಡಿನ ಹಳೇ ರಂಗಮಂದಿರ ರಾಯಲ್ ಆಪೆರಾ ಹೌಸ್ 1993ರಲ್ಲಿ ಬಾಗಿಲು ಹಾಕಿ 2016ರಲ್ಲಿ ಮತ್ತೆ ತೆರೆಯಲಿಲ್ಲವಾ, ಮರುವರ್ಷ ಯುನೆಸ್ಕೋ ಪ್ರಶಸ್ತಿಯೂ ಬಂತಲ್ಲ ಎಂದೆ. "ಅದಕ್ಕೆ ಮಾಲೀಕರಾಗಿ ಗೊಂಡಲ್ ಮಹಾರಾಜರಿದ್ದಾರೆ, ನಮಗೆ ಇರುವುದು ರಶೀದಿ ಪುಸ್ತಕ" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆದರೆ ಎರಡು ವರದಿ ಒಂದಕ್ಕೊಂದು ವಿರುದ್ಧ ಬಂದರೆ ನಿರ್ಣಯಕ್ಕೆ ಪಾಲಿಕೆಯ ತಾಂತ್ರಿಕ ಸಲಹಾ ಸಮಿತಿ ಇದೆ ಎಂದು ಹೊಸ ಎಂಜಿನಿಯರ್ ಹೇಳಿದ್ದರು. ಅಲ್ಲಿಗೇ ಹೋಗೋಣ ಅಂದ ಕೂಡಲೇ ಕಂಟ್ರಾಕ್ಟರನಿಗೆ ಬೇರೆ ಕೆಲಸ ನೆನಪಾಯಿತು. ಅವನ ವಿರುದ್ಧ ಕೇಸು ಹಾಕೋಣವೆಂದರೆ ವಕೀಲರು ಕೇಳಿದ ಮೊದಲ ಪ್ರಶ್ನೆ, ವರದಿಯನ್ನು ಒಪ್ಪಿಕೊಂಡು ಸಹಿ ಹಾಕಿದ್ದು ಯಾರು?

ಹಾಗಾಗಿ ನಿಮ್ಮ ಕಪಾಟಿನಲ್ಲಿ ಇಂಥ ವರದಿ ಇದ್ದರೆ ಇವತ್ತೇ ತೆಗೆಯಿರಿ. ನಿಮ್ಮ ಕಟ್ಟಡದಲ್ಲಿ ಇಲ್ಲದ ವಸ್ತು ಏನಾದರೂ ಅದರಲ್ಲಿ ಇದೆಯಾ ನೋಡಿ. ಮಾಡಿನ ಫೋಟೋ ಒಂದಾದರೂ ಇದೆಯಾ, ಮರ ಮುಟ್ಟಿದ್ದಾರಾ, ಸಹಿ ಮಾಡಿದವರು ಬಂದ ದಿನ ಯಾವುದು ಎಂದು ಕೇಳಿ. ಆಡಿಟ್ ಪುಕ್ಕಟೆ ಎಂದು ಯಾರಾದರೂ ಹೇಳಿದರೆ ಚಾ ಕುಡಿಸಿ ಕಳಿಸಿ.

ನಮ್ಮ ಹಾಲ್ ಇನ್ನೂ ಮುಚ್ಚಿದೆ. ತೊಲೆಗಳ ಕೆಳಗೆ ಕಬ್ಬಿಣದ ಜಾಕ್ ನಿಲ್ಲಿಸಿದ್ದೇವೆ, ಯಕ್ಷಗಾನ ಕ್ಲಾಸು ಒಬ್ಬರ ಮನೆಯ ಟೆರೇಸಿಗೆ ಹೋಗಿದೆ. ಎಡ ಗೋಡೆಯ ಬಿರುಕಿಗೆ ಅಡ್ಡವಾಗಿ ನಾಲ್ಕು ಕಡೆ ಗಾಜಿನ ಸಣ್ಣ ಪಟ್ಟಿ ಅಂಟಿಸಿದ್ದಾರೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಪ್ರತಿ ಗಾಜಿನ ಮೇಲೆ ಅಂಟಿಸಿದ ತಾರೀಕನ್ನು ದೊಡ್ಡಣ್ಣ ಕನ್ನಡ ಅಂಕಿಯಲ್ಲಿ ಬರೆದಿದ್ದಾರೆ. ಭಾನುವಾರ ನಾವಿಬ್ಬರೂ ಹೋಗಿ ಟಾರ್ಚು ಹಾಕಿ ನೋಡುತ್ತೇವೆ. ಮೂರು ಗಾಜು ಇದ್ದ ಹಾಗೇ ಇವೆ. ಪೈಪಿನ ಹತ್ತಿರದ್ದು ಹೋದ ವಾರ ಕೂದಲೆಳೆಯಷ್ಟು ಸೀಳಿದೆ.