ವಾರಕ್ಕೊಂದೇ ಪದ: ಡೊಂಬಿವಲಿಯ ಭಾನುವಾರದ ಇಂಗ್ಲಿಷ್ ಕ್ಲಾಸ್

ಮುಂಬಯಿ ಬಳಿಯ ಡೊಂಬಿವಲಿ ಪೂರ್ವದಲ್ಲಿ ಕನ್ನಡದವರಿಗೆಂದೇ ನಡೆಯುವ ಈ ಇಂಗ್ಲಿಷ್ ಕ್ಲಾಸಿನಲ್ಲಿ ವ್ಯಾಕರಣದ ಪುಸ್ತಕ ಇಲ್ಲ. ಎಂಟು ಭಾನುವಾರ, ದಿನಕ್ಕೆ ಒಂದೂವರೆ ಗಂಟೆ, ವಾರಕ್ಕೆ ಒಂದೇ ಪದ. ಫೀಸು 1,200 ರೂಪಾಯಿ, ನೋಟ್‌ಬುಕ್ ಸೇರಿ. ಹೋಟೆಲ್ ಕೌಂಟರಿನಲ್ಲಿ ಕೂರುವವರು, ಮದುವೆಯಾಗಿ ಊರಿನಿಂದ ಹೊಸದಾಗಿ ಬಂದವರು ಇಲ್ಲಿ ಹೆಚ್ಚು.

ಎರಡನೇ ವಾರದ ‘ಸೆಟ್’ ಪಾಠ ಒಂದಕ್ಕೇ ಕೊಟ್ಟ ದುಡ್ಡು ಸಾರ್ಥಕ. 1989ರ ಆಕ್ಸ್‌ಫರ್ಡ್ ಮಹಾನಿಘಂಟಿನಲ್ಲಿ ಈ ಪುಟ್ಟ ಪದಕ್ಕೆ 400ಕ್ಕೂ ಹೆಚ್ಚು ಅರ್ಥಗಳಿವೆ. ಇಲ್ಲಿ ಹಿಡಿದುಕೊಂಡಿದ್ದು ಆರನ್ನು ಮಾತ್ರ, ಅದೇ ಸರಿ. ಮೇಜಿನ ಮೇಲೆ ಎರಡು ಸ್ಟೀಲ್ ಬಟ್ಟಲು. ಮೇಡಂ ಒಂದನ್ನು ಓರೆ ಮಾಡುತ್ತಾರೆ, ಮೊಸರು ಅಲುಗುವುದಿಲ್ಲ: ‘ದ ಕರ್ಡ್ ಹ್ಯಾಸ್ ಸೆಟ್.’ ಇನ್ನೊಂದು, ಆಗಷ್ಟೇ ಹೆಪ್ಪು ಹಾಕಿದ ಹಾಲು, ಅಂಚಿನವರೆಗೆ ಹರಿದು ಬರುತ್ತದೆ: ‘ಹ್ಯಾಸ್ ನಾಟ್ ಸೆಟ್ ಯೆಟ್.’ ಅಲ್ಲಿಂದ ‘ಸೆಟ್ ದ ಅಲಾರಂ ಫಾರ್ ಫೈವ್’, ‘ಸೆಟ್ ದ ಟೇಬಲ್ ಫಾರ್ ಫೋರ್’, ‘ದ ಸನ್ ಸೆಟ್ಸ್ ಲೇಟ್ ಇನ್ ಜೂನ್’.

ಇವನ್ನು ಬೇರ್ಪಡಿಸಲು ಹೇಳಿಕೊಡುವ ಉಪಾಯ ನಮ್ಮದೇ ‘ಆಗು’, ‘ಮಾಡು’. ಮೊಸರು, ಸಿಮೆಂಟು ತಾವೇ ಸೆಟ್ ಆಗುತ್ತವೆ, ಸೂರ್ಯ ತಾನೇ ಮುಳುಗುತ್ತಾನೆ. ಅಲ್ಲಿ ‘ಸೆಟ್’ ಪದದ ನಂತರ ಕರ್ಮಪದ ಬೇಡ. ಅಲಾರಂ, ಮೇಜು ಯಾರಾದರೂ ಸೆಟ್ ಮಾಡಬೇಕು. ಅಲ್ಲಿ ಕರ್ಮಪದ ಬಿಟ್ಟರೆ ವಾಕ್ಯವೇ ನಿಲ್ಲುವುದಿಲ್ಲ. ಇಷ್ಟು ಸರಳವಾಗಿ ಇದನ್ನು ಹೇಳುವವರು ಅಪರೂಪ.

ಇದೇ ‘ಆಗು’ ದಾರಿ ತಪ್ಪಿಸುವುದೂ ಉಂಟು. ‘ಈ ಕೆಲಸ ನನಗೆ ಸೆಟ್ ಆಗಲ್ಲ’ ಎಂದು ದಿನಾ ಹೇಳುವ ಬಾಯಿಗೆ ‘ದಿಸ್ ಜಾಬ್ ಈಸ್ ನಾಟ್ ಸೆಟ್ಟಿಂಗ್ ಟು ಮೀ’ ಎಂದೇ ಬರುತ್ತದೆ. ಬೇಕಾದದ್ದು ‘ಡಸಂಟ್ ಸೂಟ್ ಮೀ’. ಇನ್ನೊಂದು ತಪ್ಪು ‘ಸೆಟ್ಟೆಡ್’. ಭೂತಕಾಲದಲ್ಲೂ ಈ ಪದ ಬದಲಾಗುವುದಿಲ್ಲ. ಆದ್ದರಿಂದ ‘ಶೀ ಸೆಟ್ಸ್ ದ ಟೇಬಲ್’ ದಿನನಿತ್ಯದ ಮಾತು, ‘ಶೀ ಸೆಟ್ ದ ಟೇಬಲ್’ ಮುಗಿದ ಕೆಲಸ. ಕೊನೆಯ ‘ಸ್’ ನುಂಗಿದರೆ ಕಾಲವೇ ಬದಲಾಗುತ್ತದೆ. ಇದನ್ನು ಒಬ್ಬೊಬ್ಬರ ಬಾಯಲ್ಲೂ ಹೇಳಿಸಿ ತಿದ್ದಿದ್ದು ತುಂಬಾ ಇಷ್ಟವಾಯಿತು.

‘ಫಾಸ್ಟ್’ ಪಾಠವೂ ಚೆನ್ನಾಗಿದೆ. ಮುಂಬಯಿಯಲ್ಲಿ ಫಾಸ್ಟ್ ಲೋಕಲ್ ಎಂದರೆ ನಡುವಿನ ಸ್ಟೇಷನ್‌ಗಳನ್ನು ಬಿಟ್ಟು ಹೋಗುವ ಗಾಡಿ, ಹಾಗಾಗಿ ‘ದ ಫಾಸ್ಟ್ ಈಸ್ ಲೇಟ್’ ಎಂಬ ಮಾತಿಗೆ ಇಲ್ಲಿ ಅರ್ಥವಿದೆ. ‘ಮೈ ವಾಚ್ ಈಸ್ ಫೈವ್ ಮಿನಿಟ್ಸ್ ಫಾಸ್ಟ್’ ಅಂದರೆ ಗಡಿಯಾರ ಐದು ನಿಮಿಷ ಮುಂದಿದೆ. ‘ಶೀ ಫಾಸ್ಟ್ಸ್ ಆನ್ ಮಂಡೇಸ್’ ಸೋಮವಾರದ ಉಪವಾಸ. ‘ಫಾಸ್ಟ್ ಅಸ್ಲೀಪ್’ ಗಾಢ ನಿದ್ದೆ. ‘ವೇಗವಾಗಿ’ಯನ್ನು ನೆನೆದು ‘ಫಾಸ್ಟ್‌ಲಿ’ ಎನ್ನುವವರೇ ಬಹಳ. ‘ಡ್ರೈವ್ ಫಾಸ್ಟ್’ ಅಂದರೆ ಸಾಕು, ‘ಲಿ’ ಬೇಡವೇ ಬೇಡ.

ಕೊರತೆ ಇರುವುದು ‘ಸೆಟ್’ ಪಾಠದ ಕೊನೆಯ ಹತ್ತು ನಿಮಿಷದಲ್ಲಿ. ‘ಸೆಟ್ ಅಪ್’, ‘ಸೆಟ್ ಆಫ್’, ‘ಸೆಟ್ ಅಸೈಡ್’, ‘ಸೆಟ್ ಇನ್’ ನಾಲ್ಕನ್ನೂ ಬೋರ್ಡಿನ ಮೇಲೆ ಬರೆದು ಮುಗಿಸಿಬಿಡುತ್ತಾರೆ. ‘ಸೆಟ್ ಅಸೈಡ್ ಟೂ ಪ್ಲೇಟ್ಸ್’ (ಎರಡು ಪ್ಲೇಟ್ ತೆಗೆದಿಡು) ಎಂಬುದು ಹೋಟೆಲಿನವರಿಗೆ ದಿನಾ ಬೇಕು, ‘ದ ರೇನ್ಸ್ ಹ್ಯಾವ್ ಸೆಟ್ ಇನ್’ (ಮಳೆ ಹಿಡಿದುಕೊಂಡಿದೆ) ಜೂನ್‌ನಲ್ಲಿ ಎಲ್ಲರಿಗೂ ಬೇಕು. ಇವಕ್ಕೆ ಇನ್ನೊಂದು ಭಾನುವಾರ ಕೊಡಲೇಬೇಕು. ಮನೆಗೆಲಸವಾಗಿ ಬರೆದ ಐದು ವಾಕ್ಯಗಳು ಕೆಂಪು ಶಾಯಿಯಲ್ಲಿ ತಿದ್ದಿ ಬರುತ್ತವೆ, ಕಾರಣ ಇರುವುದಿಲ್ಲ. ಪಕ್ಕದಲ್ಲಿ ‘ಆಗು’ ಇಲ್ಲವೇ ‘ಮಾಡು’ ಎಂದು ಬರೆದಿದ್ದರೂ ಸಾಕಿತ್ತು.

ಕೊಡುವ ಹಾಳೆಗಳಲ್ಲಿ ಅರ್ಥಗಳೆಲ್ಲ ಕನ್ನಡ ಲಿಪಿಯಲ್ಲಿವೆ. ಇಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದ, ಕನ್ನಡ ಮಾತಾಡಬಲ್ಲ ಆದರೆ ಓದಲು ಬಾರದ ಮಕ್ಕಳನ್ನು ಸೇರಿಸುವುದಿದ್ದರೆ ಮನೆಯವರೊಬ್ಬರು ಜೊತೆಗೆ ಕೂರುವುದು ಒಳ್ಳೆಯದು.