ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೀರಾ? ಮ್ಯಾನೇಜರ್ ನಗುನಗುತ್ತಾ ‘ಇಲ್ಲ’ ಅಂದರೆ ಸುಮ್ಮನೆ ವಾಪಸ್ ಬರಬೇಡಿ

ಬೇ ಏರಿಯಾಕ್ಕೆ ಹೊಸದಾಗಿ ಬಂದ ಕನ್ನಡದ ಕುಟುಂಬವೊಂದಕ್ಕೆ ಆದದ್ದು ಇದು. ಗಂಡ, ಹೆಂಡತಿ, ನಾಲ್ಕು ವರ್ಷದ ಮಗು. ಮೂರನೇ ಮಹಡಿಯಲ್ಲಿ ಎರಡು ಬೆಡ್‌ರೂಮಿನ ಮನೆ ಖಾಲಿ ಇದೆ ಎಂದು ಆನ್‌ಲೈನ್‌ನಲ್ಲಿ ನೋಡಿ ಹೋದರು. ಲೀಸಿಂಗ್ ಆಫೀಸಿನಲ್ಲಿ ಮ್ಯಾನೇಜರ್ ಮಗುವಿನ ಕೆನ್ನೆ ಸವರಿ, “ಬಾಲ್ಕನಿ ಇರೋ ಮನೆ, ಮಗುವಿಗೆ ಅಪಾಯ. ಕೆಳಗಡೆ ಯಾವುದಾದರೂ ಖಾಲಿಯಾದರೆ ಫೋನ್ ಮಾಡ್ತೀನಿ” ಅಂದರು. ಇವರು ಥ್ಯಾಂಕ್ಸ್ ಹೇಳಿ ಬಂದರು. ಫೋನ್ ಬರಲೇ ಇಲ್ಲ. ಎರಡು ದಿನ ಬಿಟ್ಟು ಮಕ್ಕಳಿಲ್ಲದ ಗೆಳೆಯರೊಬ್ಬರು ಅದೇ ಮನೆಗೆ ವಿಚಾರಿಸಿದರೆ, “ಇವತ್ತೇ ಬಂದು ನೋಡಿ” ಎಂಬ ಉತ್ತರ.

ಇದನ್ನು ಕಾಳಜಿ ಅಂದುಕೊಂಡರೆ ಮೋಸ ಹೋದಿರಿ. ವಸತಿಯಲ್ಲಿ ತಾರತಮ್ಯ ತಡೆಯುವ ಕೇಂದ್ರ ಕಾನೂನಾದ 1968ರ ಫೇರ್ ಹೌಸಿಂಗ್ ಆಕ್ಟ್‌ಗೆ 1988ರಲ್ಲಿ ಆದ ತಿದ್ದುಪಡಿಯ ಪ್ರಕಾರ, 18 ವರ್ಷದೊಳಗಿನ ಮಕ್ಕಳಿದ್ದಾರೆ ಎಂಬ ಕಾರಣಕ್ಕೆ ಮನೆ ನಿರಾಕರಿಸುವಂತಿಲ್ಲ. ನೆಲಮಹಡಿಗೇ ತಳ್ಳುವಂತಿಲ್ಲ, ಮಕ್ಕಳ ಹೆಸರಲ್ಲಿ ಹೆಚ್ಚುವರಿ ಡೆಪಾಸಿಟ್ ಕೇಳುವಂತಿಲ್ಲ. ಗರ್ಭಿಣಿಯರಿಗೂ ಇದೇ ರಕ್ಷಣೆ. ಹಿರಿಯ ನಾಗರಿಕರಿಗೆಂದೇ ಕಾನೂನಿನಂತೆ ನಡೆಯುವ ವಸತಿಗಳಿಗೆ ಇದರಿಂದ ವಿನಾಯಿತಿ ಇದೆ. ಮಗು ಬಾಲ್ಕನಿಗೆ ಹೋಗಬೇಕೋ ಬೇಡವೋ ಎಂದು ನೋಡಿಕೊಳ್ಳುವುದು ಅಪ್ಪ ಅಮ್ಮನ ಕೆಲಸ.

ಆ ಕುಟುಂಬ ದೂರು ಕೊಟ್ಟಿತು, ಆದರೆ ತಪ್ಪು ಬಾಗಿಲಿಗೆ ಹೋಯಿತು. ರಿಯಲ್ ಎಸ್ಟೇಟ್ ಲೈಸೆನ್ಸ್ ಕೊಡುವ ರಾಜ್ಯ ಇಲಾಖೆಗೆ ಬರೆದು, ಮ್ಯಾನೇಜರ್ ಲೈಸೆನ್ಸ್ ರದ್ದು ಮಾಡಿ ಅಂದರು. ರದ್ದು ಮಾಡಲು ಲೈಸೆನ್ಸೇ ಇರಲಿಲ್ಲ! ಬೇರೆಯವರ ಕಟ್ಟಡವನ್ನು ದುಡ್ಡು ಪಡೆದು ಬಾಡಿಗೆಗೆ ಕೊಡುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಬ್ರೋಕರ್ ಲೈಸೆನ್ಸ್ ಬೇಕು ನಿಜ. ಆದರೆ ಆ ಕಟ್ಟಡದಲ್ಲೇ ವಾಸವಿರುವ ರೆಸಿಡೆಂಟ್ ಮ್ಯಾನೇಜರ್‌ಗೂ ಅವರ ಕೈಕೆಳಗಿನ ನೌಕರರಿಗೂ ಕಾನೂನೇ ವಿನಾಯಿತಿ ಕೊಟ್ಟಿದೆ. ತಮಾಷೆ ನೋಡಿ: ಮಾಲೀಕರು ಅಲ್ಲೇ ಇರದಿದ್ದರೆ, 16 ಅಥವಾ ಹೆಚ್ಚು ಮನೆಗಳಿರುವ ಕಟ್ಟಡದಲ್ಲಿ ಮ್ಯಾನೇಜರೋ ಬೇರೆ ಜವಾಬ್ದಾರಿಯುತ ವ್ಯಕ್ತಿಯೋ ವಾಸವಿರಲೇಬೇಕು ಎನ್ನುವುದೂ ಇದೇ ರಾಜ್ಯದ ನಿಯಮ. ಕೂದಲು ಕತ್ತರಿಸಲು ಲೈಸೆನ್ಸ್ ಬೇಕು, ಯಾರಿಗೆ ಸೂರು ಸಿಗಬೇಕು ಎಂದು ತೀರ್ಮಾನಿಸಲು ಬೇಡ.

ಕೆಲವು ನಗರಗಳಲ್ಲಿ ಬಾಡಿಗೆ ಲೈಸೆನ್ಸ್ ಅಥವಾ ನೋಂದಣಿ ಇದೆಯಲ್ಲ ಅನ್ನಬಹುದು. ಮಿನಿಯಾಪೊಲಿಸ್, ಸಿಯಾಟಲ್‌ನಲ್ಲಿ ಇದೆ. ಅದು ಕಟ್ಟಡಕ್ಕೆ. ತಪಾಸಣೆಗೆ ಬಂದವರು ಮುಖ್ಯವಾಗಿ ನೋಡುವುದು ಹೀಟರ್, ಸ್ಮೋಕ್ ಅಲಾರಂ, ಮೆಟ್ಟಿಲು. ಕೌಂಟರ್ ಹಿಂದೆ ಕೂತವರು ಯಾರಿಗೆ ಏನು ಹೇಳಿ ಕಳಿಸುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಬರುವುದಿಲ್ಲ. ದಂಡ ಬಿದ್ದರೂ ಬಹುತೇಕ ಮಾಲೀಕರ ಜೇಬಿನಿಂದ ಹೋಗುತ್ತದೆ, ಮ್ಯಾನೇಜರ್ ಪಕ್ಕದ ಕಾಂಪ್ಲೆಕ್ಸ್‌ನಲ್ಲಿ ಕೆಲಸಕ್ಕೆ ಸೇರಬಹುದು. ಮ್ಯಾನೇಜರ್‌ಗೇ ಸ್ಥಳೀಯ ಲೈಸೆನ್ಸ್ ಇಟ್ಟು, ತರಬೇತಿ ಕಡ್ಡಾಯ ಮಾಡಿ, ತಾರತಮ್ಯ ಸಾಬೀತಾದರೆ ಅದನ್ನು ಕಿತ್ತುಕೊಳ್ಳಬೇಕು ಎಂಬ ವಾದಕ್ಕೆ ಬಲ ಬರುವುದು ಇಲ್ಲೇ.

ಸರಿಯಾದ ಬಾಗಿಲು ಎರಡಿವೆ: ರಾಜ್ಯದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್, ಕೇಂದ್ರದ ವಸತಿ ಇಲಾಖೆಯಾದ ಹಡ್ (HUD). ಎರಡಕ್ಕೂ ಘಟನೆಯಾದ ಒಂದು ವರ್ಷದೊಳಗೆ ದೂರು ಹೋಗಬೇಕು. ನೇರ ಕೋರ್ಟಿಗೆ ಹೋಗುವುದಾದರೆ ಎರಡು ವರ್ಷ. ತಪ್ಪು ಇಲಾಖೆಯ ಉತ್ತರಕ್ಕೆ ಕಾಯುತ್ತಾ ಕೂತರೆ ಗಡುವು ನಿಮಗಾಗಿ ನಿಲ್ಲುವುದಿಲ್ಲ. ದೂರಿನಲ್ಲಿ ಮ್ಯಾನೇಜರ್ ಹೆಸರಿನ ಜೊತೆ ಮಾಲೀಕರ ಹೆಸರೂ ಇರಲಿ, ನೌಕರರು ಕೆಲಸದಲ್ಲಿ ಮಾಡಿದ ತಾರತಮ್ಯಕ್ಕೆ ಮಾಲೀಕರೂ ಹೊಣೆ.

ಸಾಕ್ಷಿಯ ವಿಷಯದಲ್ಲೇ ನಮ್ಮವರು ಎಡವುವುದು. ಫೋನ್ ಮಾತುಕತೆಯನ್ನು ಗುಟ್ಟಾಗಿ ರೆಕಾರ್ಡ್ ಮಾಡಬೇಡಿ. ಖಾಸಗಿ ಮಾತುಕತೆ ರೆಕಾರ್ಡ್ ಮಾಡಲು ಕ್ಯಾಲಿಫೋರ್ನಿಯಾದಲ್ಲಿ ಎಲ್ಲರ ಒಪ್ಪಿಗೆ ಬೇಕು, ಇಲ್ಲದಿದ್ದರೆ ನೀವೇ ಅಪರಾಧಿ ಆಗುತ್ತೀರಿ. ಬದಲಿಗೆ ಅವತ್ತೇ ಒಂದು ಇಮೇಲ್ ಹಾಕಿ: “ಇಂದು 11 ಗಂಟೆಗೆ ಬಂದಿದ್ದೆವು. ಮಗು ಇರುವುದರಿಂದ ಮೂರನೇ ಮಹಡಿಯ ಮನೆ ಕೊಡಲಾಗದು ಅಂದಿರಿ. ನಾವು ತಿಳಿದುಕೊಂಡದ್ದು ಸರಿಯೇ?” ಉತ್ತರ ಬಂದರೂ ದಾಖಲೆ, ಬರದಿದ್ದರೂ ದಾಖಲೆ. ಜಾಹೀರಾತಿನ ಸ್ಕ್ರೀನ್‌ಶಾಟ್ ದಿನಾಂಕದ ಸಮೇತ ತೆಗೆದಿಡಿ, ಸಂಜೆಯೊಳಗೆ ಅದು ಮಾಯವಾಗಬಹುದು. ನೋಡಲು ಹೋದಾಗ ಗೆಸ್ಟ್ ಕಾರ್ಡ್ (ಬಂದವರ ವಿವರ ಬರೆಸಿಕೊಳ್ಳುವ ಚೀಟಿ) ತುಂಬಿಸಿಕೊಂಡರೆ ಅದರ ಫೋಟೋ ಇರಲಿ. ಯಾರು ಯಾವತ್ತು ಬಂದರು, ಮನೆ ಯಾರಿಗೆ ಹೋಯಿತು ಎಂದು ತನಿಖೆಯಲ್ಲಿ ತಾಳೆ ಹಾಕಲು ಅದು ಬೇಕಾಗುತ್ತದೆ. ಬಾಡಿಗೆ ಕೇಳುವ ನೆಪದಲ್ಲಿ ಪರೀಕ್ಷೆಗೆಂದೇ ಜನರನ್ನು ಕಳಿಸುವ ಫೇರ್ ಹೌಸಿಂಗ್ ಸಂಸ್ಥೆಗಳಿವೆ, ಬೇಗ ತಿಳಿಸಿದರೆ ಮನೆ ಖಾಲಿ ಇರುವಾಗಲೇ ಪರೀಕ್ಷೆ ನಡೆದೀತು. ಇಂಥ ಪರೀಕ್ಷಕರೂ ಕೋರ್ಟಿಗೆ ಹೋಗಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ವೀಸಾ ಯಾವುದು, ಗ್ರೀನ್ ಕಾರ್ಡ್ ಇದೆಯಾ ಎಂದು ಕೇಳಿ ನಿಮ್ಮ ವಲಸೆ ಸ್ಥಿತಿ ಕೆದಕುವುದನ್ನೂ ರಾಜ್ಯದ ಕಾನೂನು ತಡೆಯುತ್ತದೆ. ಸಂಬಳದ ದಾಖಲೆ ಕೇಳಬಹುದು, ಅದು ಬೇರೆ ಮಾತು.

ಇನ್ನು ನಮ್ಮವರದ್ದೇ ವಾಟ್ಸ್ಆ್ಯಪ್ ಗುಂಪುಗಳ ಕಥೆ. “ನಮ್ಮ ಕಡೆಯವರಿಗೆ ಮಾತ್ರ” ಎಂದು ಮನೆ ಜಾಹೀರಾತು ಹಾಕಿ, ಫೋನ್ ಮಾಡಿದವರ ಮನೆತನದ ಹೆಸರು, ಮಠ ಎಲ್ಲ ವಿಚಾರಿಸುವವರಿದ್ದಾರೆ. ಸಿಯಾಟಲ್ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ಹೆಸರಿಟ್ಟೇ ನಿಷೇಧಿಸಿತು, ವಸತಿಯೂ ಅದರಲ್ಲಿ ಸೇರಿದೆ. ಕ್ಯಾಲಿಫೋರ್ನಿಯಾದ ಇಂಥದ್ದೇ ಮಸೂದೆಗೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಸಹಿ ಹಾಕಲಿಲ್ಲ. ಆದರೆ ಅವರು ಕೊಟ್ಟ ಕಾರಣ, ಈಗಿರುವ ಕಾನೂನಿನಲ್ಲೇ ಜಾತಿ ತಾರತಮ್ಯ ನಿಷಿದ್ಧ ಎಂಬುದು. ತಾವೇ ವಾಸವಿರುವ ಮನೆಯಲ್ಲಿ ಒಬ್ಬರಿಗೆ ರೂಮ್ ಕೊಡುವವರಿಗೆ ಆಯ್ಕೆಯಲ್ಲಿ ಒಂದಿಷ್ಟು ಸಡಿಲಿಕೆ ಇದ್ದರೂ, ಜಾತಿ ಧರ್ಮ ನಮೂದಿಸಿದ ಜಾಹೀರಾತಿಗೆ ಆ ಸಡಿಲಿಕೆ ಇಲ್ಲ. ಗುಂಪಿನಲ್ಲಿ ಹಾಕಿದ ಮೆಸೇಜ್ ಅಳಿಸಿದರೂ, ಅದರ ಸ್ಕ್ರೀನ್‌ಶಾಟ್ ಯಾರದ್ದಾದರೂ ಫೋನಿನಲ್ಲಿ ಇದ್ದೇ ಇರುತ್ತದೆ.